ಪೊರಕೆ ಹಿಡಿದು ಕಾರಿನ ಸುತ್ತ

ಹಿಲ್ಮನ್ ಇಂಪ್. ಎಂಜಿನ್ನು ಹಿಂದೆ, ಡಿಕ್ಕಿ ಮುಂದೆ.
ಆರ್ಕ್ನಿಯ ಈ ತುಣುಕು ದ್ವೀಪದಲ್ಲಿ
ಇಪ್ಪತ್ತಾರು ವರ್ಷ ಹೆರಿಗೆಗಳಿಗೆಲ್ಲ
ಇದರಲ್ಲೇ ಓಡಿದ್ದೇನೆ.

ಈಗ ಎರ್ಲೆಂಡ್, ಇದಕ್ಕೆ ಗಾಳಿ ಕುಡಿಸುತ್ತೇನೆ ಅಂದ.
ಗಾಳಿಯಲ್ಲ, ಗಾಳಿಯಿಂದ ಸೀಳಿದ ನೀರು.
ನೀರೂ ಅಲ್ಲ, ನೀರಿನ ಅರ್ಧ ಅಂದೆ ನಾನು.
ಮೂರರಲ್ಲಿ ಎರಡು, ಎಂದು ತಿದ್ದಿದ.
ತಿದ್ದುವುದು ಅವನ ಹಳೇ ರೋಗ.

ಗುಡ್ಡದ ಮೇಲಿನ ಗಾಳಿಯಂತ್ರ ನಮ್ಮೂರಿನದೇ.
ಬಿರುಗಾಳಿಯ ರಾತ್ರಿ, ತಿರುಗಬೇಕಾದ ಹೊತ್ತಿಗೇ
ಅದರ ರೆಕ್ಕೆ ಕಟ್ಟುತ್ತಾರೆ:
ಕಡಲಡಿಯ ತಂತಿ ತುಂಬಿದೆಯಂತೆ,
ಆಚೆ ದಡದವರಿಗೆ ಸಾಕಂತೆ.
ಹಸು ಕೆಚ್ಚಲು ಬಿಗಿದು ನಿಂತಿರುವಾಗ
ಪಾತ್ರೆ ಇಲ್ಲ ಎಂದರೆ ಹೇಗೆ?
ಪಾತ್ರೆ ಮಾಡಿದರಾಯಿತು, ಅಂದ.

ಫೆರ್ರಿಯ ಎಂಜಿನ್ ಕೋಣೆಯಲ್ಲಿ ಬೆವೆತು ಮುದುಕನಾದವನು,
ಡೀಸೆಲ್ಲಿನ ಕೆಮ್ಮು ಕೇಳಿಯೇ ಕಾಯಿಲೆ ಹೇಳುವವನು.
ಇದು ಕೆಮ್ಮುವುದಿಲ್ಲ, ಸೀದಾ ಸಿಡಿಯುತ್ತದೆ;
ಕಿಡಿಗೆ ಮೊದಲೇ ಹೊತ್ತಿಕೊಳ್ಳುವ ಆತುರ.
ಮೊದಲ ಚಳಿಗಾಲವಿಡೀ
ಶೆಡ್ಡಿನಲ್ಲಿ ಢಂ ಎಂದರೆ
ಕುರಿಗಳು ಬೇಲಿಗೆ, ನಾನು ಕಿಟಕಿಗೆ.
ಆಮೇಲೆ ಅವನ ಕೆಮ್ಮು.
ಸರಿ, ಇದ್ದಾನೆ.

ಪ್ಲಗ್ಗು ತಣ್ಣನೆಯದು ಬೇಕು, ಕಿಡಿ ತಡವಾಗಬೇಕು,
ಹಳೇ ಉಕ್ಕಿನ ಕೊಳವೆ ಬೇಡ, ಈ ಅನಿಲ
ಉಕ್ಕಿನೊಳಗೇ ನುಸುಳಿ ಅದನ್ನು ಬಿಸ್ಕತ್ತು ಮಾಡುತ್ತದೆ.
ಊಟದ ಮೇಜಿನ ಮೇಲೆ, ಮೀನಿನ ತಟ್ಟೆಯ ಪಕ್ಕ
ಗೆರೆ ಎಳೆದು ತೋರಿಸಿದ.
ನಾನು ಹೂಂಗುಟ್ಟಿದೆ. ಮುಳ್ಳು ಆರಿಸಿದೆ.

ಒಂದು ದಿನ, ಪೊರಕೆ ಕೊಡು ಅಂದ.
ಗುಡಿಸುವ ಗಂಡಸಲ್ಲ.
ಈ ಬೆಂಕಿ ಹಗಲಲ್ಲಿ ಕಾಣುವುದಿಲ್ಲ, ಮೆರನ್,
ಹೊಗೆಯಿಲ್ಲ, ಬಣ್ಣವಿಲ್ಲ, ವಾಸನೆ ಮೊದಲೇ ಇಲ್ಲ.
ಎಲ್ಲಾದರೂ ಸೋರಿ ಹೊತ್ತಿದ್ದರೆ
ಪೊರಕೆಗೆ ಮೊದಲು ಗೊತ್ತಾಗುತ್ತದೆ.
ಕುರುಡ ಗೋಡೆ ತಡವಿದಂತೆ
ನಡುಹಗಲಲ್ಲಿ ಪೊರಕೆ ಮುಂಚಾಚಿ
ಕಾರಿನ ಸುತ್ತ ಹೆಜ್ಜೆ ಹೆಜ್ಜೆ ಬಂದ.
ನಕ್ಕೆ.
ವಾಲ್ವಿನ ಬಳಿ ಮೂರು ಕಡ್ಡಿ
ತಮ್ಮಷ್ಟಕ್ಕೆ ಕೆಂಪಾದವು.

ನನಗೆ ಪೆಟ್ರೋಲೆಂದರೆ ಹೆರಿಗೆಯ ವಾಸನೆ.
ಫ್ಲೆಟ್‌ರ ಮನೆಯಲ್ಲಿ, ಆ ಹಿಮದ ರಾತ್ರಿ,
ಹೊಸಿಲಲ್ಲೇ ಟ್ಯಾಂಕು ತುಂಬಿಸಿಕೊಂಡು ಬಂದ ಕೈ
ಎಷ್ಟು ತೊಳೆದರೂ ಹೋಗದೆ,
ಥೋರಾ ಈ ಲೋಕದಲ್ಲಿ
ಮೊದಲು ಮೂಸಿದ್ದು ಅದನ್ನೇ.
ಈಗ ಗಾಳಿಯಂತ್ರದ ಬೀಗದ ಕೈ ಅವಳ ಸೊಂಟದಲ್ಲಿ;
ನಮ್ಮ ಸಿಲಿಂಡರು ತುಂಬಿ ಕೊಡುವವಳು ಅವಳು.
ಮೂಸಿ ನೋಡಿದೆ. ಏನೂ ಇಲ್ಲ.
ಏನೂ ಇಲ್ಲದ್ದು ಅಷ್ಟು ಒತ್ತಡದಲ್ಲಿ.

ಏಪ್ರಿಲ್ಲಿನ ಒಂದು ಬುಧವಾರ ಹೊರಟೆವು.
ಔಷಧಿಪೆಟ್ಟಿಗೆ ಇರುತ್ತಿದ್ದ ಜಾಗದಲ್ಲಿ
ಪಟ್ಟಿ ಬಿಗಿದ ಕರಿ ಸಿಲಿಂಡರು,
ಅಳದ ಕೂಸು.
ಚರ್ಚಿನ ಏರಿನಲ್ಲಿ ಉಸಿರು ಬಿಟ್ಟಿತು,
ಕಸುವಿನ ಮೂರರಲ್ಲೊಂದು ಪಾಲು ಹೋಗಿದೆಯಲ್ಲ;
ಇಳಿದು ತಳ್ಳಿದೆ, ಎಪ್ಪತ್ತಾರರ ಸೂಲಗಿತ್ತಿ,
ಒತ್ತು, ಇನ್ನೊಂಚೂರು ಒತ್ತು ಎನ್ನುತ್ತ.

ಹಡಗುಕಟ್ಟೆಯಲ್ಲಿ ಸೈಲೆನ್ಸರಿನ ತುದಿಗೆ
ಒಂದು ಹನಿ ತೂಗಿತು.
ಬರೀ ನೀರೇ? ಅಂದೆ.
ಬಹುಪಾಲು, ಅಂದ. ಸುಳ್ಳು ಬಾರದವನು.
ಬಿಸಿ ಏರಿದರೆ ಗಾಳಿಯದೇ ಒಂದಿಷ್ಟು ವಿಷ,
ಹಳೇ ಆಯಿಲ್ಲಿನ ಒಂದೆರಡು ಎಳೆ.
ಬೆರಳಿಗೆ ತಾಗಿಸಿ ನಾಲಗೆಗಿಟ್ಟೆ.
ತಗಡಿನ ರುಚಿ.

ದ್ವೀಪ ಈ ತುದಿಯಿಂದ ಆ ತುದಿಗೆ ಒಂಬತ್ತು ಮೈಲಿ.
ಸಿಲಿಂಡರು ಓಡಿಸುವುದು ಹದಿನೇಳು.
ಲೆಕ್ಕ ಅವನಿಗೂ ಗೊತ್ತಿತ್ತು, ನನಗೂ;
ಹೊರಡುವಾಗ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಕಲ್ಲುಬೇಲಿಯ ಪಕ್ಕ ನಿಂತಿತು, ಸದ್ದಿಲ್ಲದೆ.
ಹಿಂದಿನ ಸೀಟಿನಿಂದ ಪೊರಕೆ ತೆಗೆದುಕೊಂಡೆ.
ಬೆಂಕಿ ಇಲ್ಲ ಮಾರಾಯ್ತಿ, ಅನಿಲವೇ ಮುಗಿದಿದೆ.
ಊರುಗೋಲಿಗೆ, ಅಂದೆ.
ಗಾಳಿ ಕಿವಿ ಕಿತ್ತುಕೊಂಡು ಹೋಗುವಷ್ಟಿತ್ತು.
ಗುಡ್ಡದ ಮೇಲೆ ಮೂರೂ ರೆಕ್ಕೆ
ಕಟ್ಟಿ ನಿಲ್ಲಿಸಿದಲ್ಲೇ ನಿಂತಿದ್ದವು.