ಬೇಕಾದಾಗ ಕಾಣುವ ಗೆರೆ

ಗದಗಿನ ಟಾಂಗಾಕೂಟದ ಹಿಂದಿನ ಓಣಿ.
ಮ್ಯಾಲ ನನ್ನ ಕಂಪ್ಯೂಟರು, ಕೆಳಗ ಮುದ್ರಣಾಲಯ,
ಅಂದರ ಈಗ ಬರೇ ರಸೀದಿ ಬುಕ್ಕು, ಲಗ್ನಪತ್ರಿಕೆ.
ಮೌನೇಶಪ್ಪ ಬಡಿಗೇರರು ಇನ್ನೂ ಬರತಾರ
ದಿನಾ ಹತ್ತಕ್ಕ, ಪ್ರೂಫು ತಿದ್ದಾಕ,
ಕಿವೀಗೆ ಪೆನ್ಸಿಲು ಸಿಗಿಸಿಕೊಂಡು.

ಬೆಟಗೇರಿ ನೇಕಾರರ ಸಂಘಕ್ಕ ಒಂದು ಪುಟ ಬೇಕಿತ್ತು.
ಸೀರಿ ಕಾಣಬೇಕು, ದರ ಕಾಣಬೇಕು,
ಎಲ್ಲಕ್ಕಿಂತ ದೊಡ್ಡದಾಗಿ ಅಧ್ಯಕ್ಷರ ಫೋಟೋ ಕಾಣಬೇಕು.
ಪರದೆ ತುಂಬ ಹನ್ನೆರಡು ಪಟ್ಟಿ ಎಳದೆ,
ತೊಳೆದ ಕುಂಕುಮದ ಬಣ್ಣ, ಮ್ಯಾಲಿಂದ ಕೆಳಗ.
ಬಡಿಗೇರರು ಯಾವಾಗ ಬಂದು ಬೆನ್ನ ಹಿಂದ ನಿಂತಿದ್ದರೋ.

"ಹನ್ನೆರಡ್ಯಾಕ? ಹತ್ತು ಇದ್ದರ ಲೆಕ್ಕಕ್ಕ ಸಸಾರಲ್ಲೇನು?"
ಎರಡಕ್ಕ ಹೋಗತೈತಿ, ಮೂರಕ್ಕ, ನಾಕಕ್ಕ, ಆರಕ್ಕ.
ಹತ್ತನ್ನ ಮೂರು ಮಂದಿಗೆ ಹಂಚಿ ತೋರಸ್ರಿ, ಅಂದೆ.
ನಕ್ಕರು. "ನಿನಗ ಗೊತ್ತೈತೋ ಇಲ್ಲೋ ನೋಡಿದೆ.
ಹನ್ನೆರಡು ಪಾಯಿಂಟಿಗೆ ಒಂದು ಪೈಕಾ.
ನಲವತ್ತು ವರ್ಷ ಈ ಬೆರಳಾಗ ಹಿಡದೀನಿ."

ಪಟ್ಟಿ ನಡುವಿನ ಸಂದಿಗೆ ಏನಂತೀರಿ?
ಗಟರ್, ಅಂದೆ.
ಕಿಡಕಿಯಿಂದ ಹಣಿಕಿ ಓಣ್ಯಾಗಿನ ಗಟಾರ ನೋಡಿದರು,
ನಳಾ ಬಂದ ದಿನ ಅಷ್ಟೇ ಹರಿಯೋದು.
"ಇರಲಿ ಬಿಡು, ಅದೂ ಬೇಕು."

ಅವರಿಗೆ ಬಗೆಹರಿಯದ್ದು ಪುಟದ ಅಗಲ.
"ಎಷ್ಟು ಇಂಚು?"
ನೋಡಾವರ ಕೈಯಾಗ ಎಷ್ಟು ಐತೋ ಅಷ್ಟು.
"ಹಂಗಂದ್ರ?"
ಪರದೆಯ ಅಂಚು ಹಿಡಿದು ಒಳಗ ಜಗ್ಗಿದೆ.
ನಾಕು ಸೀರಿ ಮೂರಾದವು, ಮೂರು ಎರಡಾದವು,
ಕಡೀಕ ಒಂದರ ಕೆಳಗೊಂದು
ರೇಶನ್ ಅಂಗಡಿ ಮುಂದಿನ ಪಾಳಿ ಹಂಗ ನಿಂತವು.

"ಶ್ರಾವಣದಾಗ ಕಾಗದ ಹಿಗ್ಗತಿತ್ತು," ಅಂದರು,
"ಒಂದು ಕೂದಲೆಳಿಯಷ್ಟು.
ಅಷ್ಟಕ್ಕ ಎರಡನೇ ಬಣ್ಣ ಗೆರಿ ದಾಟಿ ಕೂತು
ಮಾಲಕರ ಕಡಿಂದ ಬೈಸಿಕೊಂಡೀನಿ.
ಇದು ಗೇಣುಗಟ್ಟಲೆ ಕುಗ್ಗತೈತಿ, ಯಾರೂ ಬಯ್ಯಂಗಿಲ್ಲ!"

ಬೈದರು, ಮರುದಿನ.
ಸಂಘದ ಕಾರ್ಯದರ್ಶಿ ಅಂಬಾಸಾ ಬಾಕಳೆ
ಗಾಜು ಸೀಳಿದ ಸಣ್ಣ ಫೋನು ಹಿಡಕೊಂಡು ಮೆಟ್ಟಿಲೇರಿ ಬಂದರು.
"ನಮ್ಮ ಹೆಸರು ಅರ್ಧಕ್ಕ ನಿಂತೈತಿ ನೋಡ್ರಿ ತಂಗಿ."
ನೋಡಿದೆ. ಪಟ್ಟಿ ಸರಿ. ಸೀರಿ ಸರಿ. ದರವೂ ಸರಿ.
ಕೈಮಗ್ಗವಸ್ತ್ರೋತ್ಪಾದಕರ,
ಒಂದೇ ಉಸುರಿನ ಶಬ್ದ, ಎಲ್ಲೂ ಬಿಡುವಿಲ್ಲದ್ದು,
ಹನ್ನೆರಡೂ ಪಟ್ಟಿ ದಾಟಿ ಹೊರಗ ಚಾಚಿತ್ತು
ಗಿಡ್ಡ ಹೊರಸಿನ ಮ್ಯಾಲ ಮಲಗಿದ ಉದ್ದ ಮನಿಶ್ಯಾನ ಕಾಲಿನಂಗ.

ಅಕ್ಷರ ಸಣ್ಣ ಮಾಡಿದೆ. ಅಂಬಾಸಾ ಚಾಳೀಸು ಹುಡಕಿದರು.
ಎಲ್ಲಿ ಬೇಕಾದರೂ ಮುರಿ ಅಂತ ಅಪ್ಪಣೆ ಕೊಟ್ಟೆ.
ಮುರೀತು:
ಮ್ಯಾಲ ಕೈಮಗ್ಗವಸ್,
ಕೆಳಗ ತ್ರೋತ್ಪಾದಕರ.

ಬಡಿಗೇರರು ಕೆಂಡ ತುಳದವರಂಗ ಹಿಂದ ಸರದರು.
"ಒತ್ತಕ್ಷರದ ನಡು ಹಿಡಿದು ಕಡೀತಾರೇನ! ತಾ ಇಲ್ಲಿ."
ಪೆನ್ಸಿಲು ಕಿವಿಯಿಂದ ಇಳೀತು,
ರಸೀದಿಯ ಬೆನ್ನ ಮ್ಯಾಲ ಕೈಮಗ್ಗ ಅಂತ ಬರದು ಒಂದು ಸಣ್ಣ ಗೆರಿ.
"ಮೊದಲು ಇಲ್ಲಿ. ಗತಿ ಇಲ್ಲದಾಗ ವಸ್ತ್ರೋ ಆದಮ್ಯಾಲ.
ಮತ್ತೆಲ್ಲೂ ಮುಟ್ಟಬ್ಯಾಡ."

ಒಂದು ಗುರುತು ಐತ್ರಿ, ಅಂದೆ.
ಇಟ್ಟಲ್ಲೇ ಇರತೈತಿ, ಕಾಣಂಗಿಲ್ಲ.
ಜಾಗ ಸಾಕಾದರ ತನ್ನ ಪಾಡಿಗೆ ತಾನು,
ಸಾಲದಿದ್ದಾಗ ಅಷ್ಟೇ ಅಡ್ಡಗೆರಿಯಾಗಿ ಎದ್ದು
ಉಳಿದದ್ದನ್ನ ಕೆಳಗ ಇಳಿಸತೈತಿ.

ಭಾಳ ಹೊತ್ತು ಮಾತಾಡಲಿಲ್ಲ.
ಕೆಳಗ ಯಾರೋ ರಸೀದಿ ಬುಕ್ಕಿಗೆ ಪಿನ್ನು ಹೊಡೀತಿದ್ದರು.
"ಸೀಸದಾಗ ಅಂಥಾ ಮೊಳಿ ಇರಲಿಲ್ಲ," ಅಂದರು ಕಡೀಕ.
ಖುರ್ಚಿ ಜಗ್ಗಿಕೊಂಡು ಕೂತರು.
ಇಡೀ ಪುಟದ ಉದ್ದುದ್ದ ಶಬ್ದಕ್ಕೆಲ್ಲ ಗೆರಿ ಹಾಕಿ ಕೊಟ್ಟಾಗ
ಓಣ್ಯಾಗ ದೀಪ ಹತ್ತಿದ್ದವು.
ಹಾಲಿನ ದರದ ಮ್ಯಾಲ ಜಗಳ ತಗದು ಇಳದು ಹೋದರು.

ಅಧ್ಯಕ್ಷರ ಫೋಟೋ ಮಾತ್ರ,
ಹನ್ನೆರಡಕ್ಕ ಹನ್ನೆರಡು ಕೊಟ್ಟರೂ,
ಫೋನಿನಾಗ ಒಂದು ಸೀರಿಯಷ್ಟೇ ಅಗಲ.
ಅವರಿಗೆ ಇನ್ನೂ ಗೊತ್ತಾಗಿಲ್ಲ.