ಹಾಸು, ಹೊಕ್ಕು

ಉಡದಾರ ಬಿಚ್ಚಿ ಟ್ರೇದಾಗ ಇಟ್ರು ತುಳಜಾಸಾ.
ಬೆಟಗೇರಿಯ ಮಗ್ಗದ ಮ್ಯಾಲೆ
ನಲವತ್ತು ವರ್ಷ ಬಗ್ಗಿದ ಕುತ್ತಿಗಿ.
ಈಗ ಎಳಿ ಹಿಡಿದ್ರೂ
ಬೆರಳಿಗೆ ಹಿಡಿದದ್ದು ತಿಳಿಯಂಗಿಲ್ಲ.

ಮೊದಲ ಸ್ಕ್ಯಾನ್ ಕೆಟ್ಟಿತು.
ಬೆನ್ನುಹುರಿ ಮ್ಯಾಲೆ ನೆರಳಿನ ಗೆರಿ,
ಒಂದರ ಬೆನ್ನಿಗೊಂದು.
“ಉಗುಳು ನುಂಗಿದ್ರೇನ್ರಿ?” ಅಂದೆ ಮೈಕಿನಾಗ.
“ನುಂಗಬ್ಯಾಡ ಅಂದ್ರ ಇನ್ನಷ್ಟು ಬರ್ತದವ್ವಾ.”
ಖರೇ.

ಗಂಟಲಿನ ಮ್ಯಾಲೊಂದು ಪಟ್ಟಿ ಎಳದೆ,
ಅಲ್ಲಿಯ ಅಲುಗು ಚಿತ್ರಕ್ಕ ಮುಟ್ಟದಂಗ.
ಎಣಿಕಿಯ ದಿಕ್ಕು ತಿರುವಿದೆ:
ಎದುರಿನಿಂದ ಬೆನ್ನಿಗೆ ಹೊಂಟಿದ್ದು
ನೆತ್ತಿಯಿಂದ ಕೆಳಗ.
ಎರಡು ನಿಮಿಷ ಹೆಚ್ಚಿಗಿ ಹಿಡೀತು.
ಹೊರಗ ಗಜೇಂದ್ರಗಡದವರು ಗಡಿಯಾರ ನೋಡಾಕತ್ತಿದ್ರು.
ನೋಡ್ಲಿ.

ಕಿವಿಯ ಹತ್ತಿ ತಗದು ಕೇಳಿದ್ರು ತುಳಜಾಸಾ:
“ಎರಡನೇ ಸಲ ಸಪ್ಪಳ ಬ್ಯಾರೆ.
ಹಾಸು ಹೊಕ್ಕು ಮಾಡಿದಿ, ಹೌದಿಲ್ಲೋ?”
ಇದನ್ನ ಕಲೀಲಿಕ್ಕೆ
ನನಗ ಎರಡು ವರ್ಷ ಬೇಕಾಗಿತ್ತು.

ಪರದೆ ತೋರಿಸಬಾರದು, ತೋರಿಸಿದೆ.
ಬೆಳ್ಳನ ನೀರಿನ ನಡುವ ಹುರಿ,
ಐದನೇ ಎಲುಬಿನ ಕೆಳಗ ಒಂದೇ ಕಡೆ ಬಾಗಿತ್ತು.
ನಾ ಬಾಯಿ ಬಿಚ್ಚೋ ಮೊದಲ
ಮರಗಟ್ಟಿದ ಆ ಬೆರಳು
ಗಾಜಿನ ಮ್ಯಾಲೆ ಸರದು
ಅಲ್ಲೇ ನಿಂತಿತು.

“ಹರದಿಲ್ಲಲ್ಲ?”
“ಇಲ್ರಿ. ಸಿಕ್ಕೇತಿ.”
“ಸಿಕ್ಕಿದ್ರ ಬಿಡಿಸಬಹುದು,” ಅಂದ್ರು,
ಉಡದಾರಕ್ಕ ಕೈ ಚಾಚಿ.