ಒಂಬತ್ತನೇ ವಾರ್ಡು

ದುರ್ಗದಿಂದ ಕಾಗದ ಬಂದಿತ್ತು:
ಪಟ್ಟಣ ಪಂಚಾಯಿತಿಯ ಚರಿತ್ರೆ, ಒಂದು ಪುಟ ಮೀರದಂತೆ,
ಸೋಮವಾರದೊಳಗೆ.

ಬೀರು ತೆಗೆದೆ. ಹಳೇ ಠರಾವು ಪುಸ್ತಕವನ್ನು
ನನಗಿಂತ ಮೊದಲೇ ಗೆದ್ದಲು ಓದಿ ಮುಗಿಸಿತ್ತು.
ಬಿಟ್ಟದ್ದಿಷ್ಟು: ಬೀದಿಗೆ ಲಾಂದ್ರ ಹನ್ನೊಂದು, ಉರಿಯುವುದು ನಾಲ್ಕು.
ದನದ ದೊಡ್ಡಿಯ ಬೀಗಕ್ಕೆ ಆರಾಣೆ.
ಸಹಿಯ ಜಾಗದಲ್ಲೊಂದು ಹೆಬ್ಬೆಟ್ಟು,
ಗೆರೆಗೆರೆಯೂ ಸ್ಪಷ್ಟ.

ಕಂದಾಯ ಕಟ್ಟಲು ಬಂದ ಕಾಟಮ್ಮ
ಕಿಟಕಿಯಾಚೆಯಿಂದಲೇ ಅಂದಳು:
"ನಾನು ಹೊಸಲು ದಾಟಿಲ್ಲ ಕಣಪ್ಪ,
ಊರೇ ನಾಕು ಸಲ ಬದ್ಲಾತು.
ಬಾಸಿಂಗ ಕಟ್ಕೊಂಡು ಬಂದಾಗ ಕರಿಜಾಲಿಹಟ್ಟಿ,
ಆಮೇಲೆ ಎಂಥದೋ ಮಂಡಲ, ಆಮೇಲೆ ಗ್ರಾಮ,
ಈಗ ಒಂಬತ್ತನೇ ವಾರ್ಡು.
ನಲ್ಲಿ ಮಾತ್ರ ಅದೇ,
ಎಂಟು ದಿನಕ್ಕೊಂದು ಸಲ ಕೆಮ್ತೈತೆ."

ರಶೀದಿ ಕೊಟ್ಟೆ.
ತಿರುವಿ ನೋಡಿದಳು, ಹಿಂದೆಯೂ ನೋಡಿದಳು.
"ಹಟ್ಟಿ ಹೆಸ್ರು ಎಲ್ಲೈತೆ?"
ಕಂಪ್ಯೂಟರಿನಲ್ಲಿ ಅದಕ್ಕೆ ಕಾಲಂ ಇಲ್ಲ ಅಂದೆ.
ಎಲೆಚೀಲದೊಳಗೆ ತುರುಕಿ ಹೊರಟೇಬಿಟ್ಟಳು,
ಚಿಲ್ಲರೆ ಎರಡು ರೂಪಾಯಿ ಬಿಟ್ಟು.

ಸಂಜೆ ಪುಟ ತುಂಬಿಸಿದೆ:
ವಿಸ್ತೀರ್ಣ, ಜನಸಂಖ್ಯೆ, ಶೌಚಾಲಯ.
ಚುನಾವಣೆಯಿಲ್ಲದ ವರ್ಷ; ಆಡಳಿತಾಧಿಕಾರಿಗಳು
ಜೀಪಿನ ಬಾನೆಟ್ಟಿನ ಮೇಲೇ ಸಹಿ ಹಾಕಿದರು,
ಓದಲಿಲ್ಲ.

ಓದಿದ್ದರೆ
ಮೂರನೇ ಸಾಲಿನ ಕರಿಜಾಲಿಹಟ್ಟಿ
ಉಳಿಯುತ್ತಿರಲಿಲ್ಲ.